ಎರಡೂ ಕಣ್ಣು ಮಿಟುಕಿಸಿ

ಪ್ರತಿ ವರ್ಷ ದೀಪಾವಳಿ ಮುಗಿದು, ಫರಾಳದ ಡಬ್ಬಿಗಳ ತಳದಲ್ಲಿ ಚಕ್ಕಲಿಯ ಚೂರಷ್ಟೇ ಉಳಿಯುವ ಹೊತ್ತಿಗೆ ನನಗೊಂದು ಕೆಲಸ ಗಂಟು ಬೀಳುತ್ತದೆ. ನನ್ನ ಅಕ್ಕ ಬದುಕಿದ್ದಾಳೆ ಎಂದು ಸಾಬೀತು ಮಾಡುವ ಕೆಲಸ.

ಅಕ್ಕನಿಗೆ ಈಗ ಅರವತ್ತೆಂಟು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಸೋಲಾಪುರದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಎರಡು ಖೋಲಿಯ ಮನೆ ಅವಳದು. ಅವಳ ಗಂಡ ಇಲ್ಲಿಯ ಬಟ್ಟೆ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿತು, ಆಮೇಲೆ ಅವರೂ ಹೋದರು, ಅವರ ಪಿಂಚಣಿ ಮಾತ್ರ ಅಕ್ಕನ ಹೆಸರಿಗೆ ಬರುತ್ತಿದೆ. ಅದು ನಿಲ್ಲದೆ ಬರಬೇಕಾದರೆ ವರ್ಷಕ್ಕೊಮ್ಮೆ ಹಯಾತಿಯ ದಾಖಲೆ ಕೊಡಬೇಕು. ಹಯಾತಿ ಎಂದರೆ ಜೀವಂತ ಇರುವುದು. ಮೊದಲೆಲ್ಲ ಇದು ಕೆಲಸವೆಂದೇ ಅನಿಸುತ್ತಿರಲಿಲ್ಲ. ಬ್ಯಾಂಕಿಗೆ ಹೋದರೆ ಕೌಂಟರಿನ ಗೃಹಸ್ಥ ಅಕ್ಕನ ಮುಖ ನೋಡಿ, ಮಂಡಿನೋವು ಹೇಗಿದೆ ಎಂದು ಕೇಳಿ, ಕಾಗದದ ಮೇಲೆ ಸಹಿ ಮಾಡಿಸಿಕೊಳ್ಳುತ್ತಿದ್ದ. ಮಂಡಿನೋವು ಇರುವವರು ಬದುಕಿರಲೇಬೇಕೆಂಬುದು ಅವನಿಗೆ ಗೊತ್ತಿತ್ತು.

ಆಮೇಲೆ ಬೆರಳು ಒತ್ತುವ ಯಂತ್ರ ಬಂತು. ಅಕ್ಕ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಎಲೆ ಮಡಚಿ ಮಡಚಿ ಅವಳ ಬೆರಳ ತುದಿಯ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಹತ್ತು ಬೆರಳನ್ನೂ ಸರದಿಯಂತೆ ಒತ್ತಿಸಿದರೂ ಯಂತ್ರಕ್ಕೆ ಅವಳು ಯಾರೆಂದು ತಿಳಿಯಲಿಲ್ಲ. ಎರಡು ವರ್ಷ ಹಾಗೂ ಹೀಗೂ ಒಂದು ಹೆಬ್ಬೆರಳು ಕೈಹಿಡಿಯಿತು. ಈ ವರ್ಷ ಅದೂ ಕೈಕೊಟ್ಟಿತು. ಇನ್ನು ಮುಖ ತೋರಿಸಿ ಎಂದರು ಬ್ಯಾಂಕಿನವರು. ಮೊಬೈಲಿನಲ್ಲೇ ಆಗುತ್ತದೆ, ಮನೆಯಲ್ಲಿ ಕೂತೇ ಮಾಡಬಹುದು, ಬಹಳ ಸೋಪಿ ಎಂದರು. ಸೋಪಿ ಎಂದರೆ ಸುಲಭ. ಈ ಮಾತು ಯಾರಾದರೂ ಆಡಿದರೆ ಸಾಕು, ಆ ದಿನ ನನ್ನ ಕೈಯಿಂದ ಹೋಯಿತೆಂದು ತಿಳಿಯುತ್ತೇನೆ.

ನನಗೂ ಈ ಮೊಬೈಲಿಗೂ ಕೂಡಿಬರುವುದಿಲ್ಲ. ಅಕ್ಕಲಕೋಟ ತಾಲೂಕಿನ ಕನ್ನಡ ಸಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿ ಬಂದವನು ನಾನು. ಅರವತ್ತು ಮಕ್ಕಳ ವರ್ಗವನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದೆ. ಈಗ ಅಂಗೈಯಗಲದ ಒಂದು ಗಾಜು ನನ್ನ ಮಾತು ಕೇಳುವುದಿಲ್ಲ. ಗ್ಯಾಸ್ ಸಿಲಿಂಡರ್ ಬಾಗಿಲಿಗೆ ಬಂದಿರುತ್ತದೆ, ತಂದವನು ನಂಬರ್ ಹೇಳಿ ಎಂದು ಹೆಗಲ ಮೇಲೆ ಹೊತ್ತೇ ನಿಂತಿರುತ್ತಾನೆ, ನಂಬರ್ ಬಂದಿರುವುದು ಸೊಸೆಯ ಫೋನಿಗೆ, ಸೊಸೆ ಕೆಲಸದ ಮೇಲೆ. ಟೀವಿ ಹಚ್ಚಿದರೆ ಅದು ಮೊದಲು ತನ್ನ ಪಾಸ್‌ವರ್ಡ್ ಕೇಳುತ್ತದೆ. ಮೊಮ್ಮಗಳಿಗೆ ತಂದುಕೊಟ್ಟ ಬ್ಯಾಟರಿ ಗಾಡಿ ಎರಡು ದಿನ ಓಡಿ ಮೂರನೆಯ ದಿನ ಗೋಡೆಯ ಕಡೆ ಮುಖಮಾಡಿ ನಿಂತಿತು. ಅದರ ಚಾರ್ಜರಿನ ಪಿನ್ನು ಮನೆಯಲ್ಲಿರುವ ಏಳು ಚಾರ್ಜರಿನಲ್ಲಿ ಒಂದಕ್ಕೂ ಹೊಂದುವುದಿಲ್ಲ. ಸಿಟ್ಟು ಮಾಡಿಕೊಳ್ಳುವ ವಯಸ್ಸೂ ದಾಟಿತು. ಈಗ ಬರೀ ದಣಿವು.

ಅಕ್ಕನನ್ನು ಕಿಟಕಿಯ ಬೆಳಕಿಗೆ ಕೂಡಿಸಿ, ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದೆ. ಗಾಜಿನ ಮೇಲೆ ಒಂದು ಗುಂಡು ಗೆರೆ ಮೂಡಿತು. ಮುಖ ಅದರೊಳಗೆ ಬರಬೇಕು. ಬಂತು. ಕೆಳಗೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಅಪ್ಪಣೆ ಬಂತು: ಎರಡೂ ಕಣ್ಣು ಮಿಟುಕಿಸಿ.

ಅಕ್ಕನ ಎಡಗಣ್ಣು ಮಿಟುಕುವುದಿಲ್ಲ. ಒಳಗೆ ಗುಡ್ಡೆ ಬತ್ತಿ ಸಣ್ಣದಾಗಿದೆ. ಮೇಲಿನ ರೆಪ್ಪೆ ಅರ್ಧಕ್ಕೆ ಇಳಿದು ಅಲ್ಲೇ ನಿಂತಿದೆ, ಪೂರ್ತಿ ಮುಚ್ಚುವುದಿಲ್ಲ, ತೆರೆಯುವುದೂ ಇಲ್ಲ. ಅವಳು ಬಲಗಣ್ಣು ಬಡಿದಳು. ಯಂತ್ರ ಮತ್ತೆ ಮಿಟುಕಿಸಿ ಎಂದಿತು. ಮತ್ತೆ ಬಡಿದಳು. ಗುಂಡು ಗೆರೆ ಕೆಂಪಾಗಿ, ವ್ಯಕ್ತಿ ಜೀವಂತ ಇರುವುದು ಖಚಿತವಾಗಲಿಲ್ಲ ಎಂಬರ್ಥದ ಮಾತು ಬಂದು ಎಲ್ಲ ಅಳಿಸಿಹೋಯಿತು. ಮೊದಲಿಂದ ಶುರು. ಹನ್ನೊಂದು ಸಲ ಮಾಡಿದೆವು. ಏಳನೆಯ ಸಲಕ್ಕೆ ಅಕ್ಕ ಎಡಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ಮುಚ್ಚಿ ನೋಡಿದಳು. ಮುಖಕ್ಕೆ ಕೈ ಅಡ್ಡ ತರಬೇಡಿ ಎಂದು ಅದಕ್ಕೂ ಬೈಸಿಕೊಂಡಳು.

"ಇದರ ಮುಂದ ಕುಂತು ಕುಂತು ನಾ ಖರೇನ ಸತ್ತೀನೇನ ಅನಸಾಕತ್ತದ" ಎಂದಳು.

ನಾನು ನಗಲಿಲ್ಲ. ಅವಳ ಆ ಕಣ್ಣಿನ ವಿಷಯ ಬಂದಾಗ ನನಗೆ ನಗು ಬಂದದ್ದೇ ಇಲ್ಲ. ಯಾಕೆಂದರೆ ಆ ಕಣ್ಣು ಕಳೆದವನು ನಾನು. ಇದು ನಮ್ಮಿಬ್ಬರಿಗಲ್ಲದೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಮ್ಮಿಬ್ಬರ ನಡುವೆಯೂ ಐವತ್ತಾರು ವರ್ಷದಲ್ಲಿ ಒಂದು ಸಲವೂ ಆ ಮಾತು ಎದ್ದಿರಲಿಲ್ಲ.

ಮರುದಿನ ಅಕ್ಕನನ್ನು ಕರೆದುಕೊಂಡು ಓಣಿಯ ಮೂಲೆಯ ಆನ್‌ಲೈನ್ ಅಂಗಡಿಗೆ ಹೋದೆ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಶನ್, ಎಲ್ಲ ಒಂದೇ ಖೋಲಿಯಲ್ಲಿ. ನಡೆಸುವವನು ಮೂವತ್ತರ ಆಸುಪಾಸಿನ ಮನುಷ್ಯ. ನನ್ನ ಜೊತೆ ಮರಾಠಿ, ಅಕ್ಕನ ಜೊತೆ ಕನ್ನಡ. ಅವನ ತಾಯಿ ಕನ್ನಡದವಳು, ವಳಸಂಗದವಳಂತೆ. ಅವನೂ ತನ್ನ ಕ್ಯಾಮೆರಾದಲ್ಲಿ ನಾಲ್ಕು ಸಲ ಪ್ರಯತ್ನ ಮಾಡಿ ಕೈಚೆಲ್ಲಿದ. ಆದರೆ ಒಂದು ದಾರಿ ಇದೆ ಎಂದ. ಕಣ್ಣಿನ ಡಾಕ್ಟರರಿಂದ ಸರ್ಟಿಫಿಕೇಟ್ ತಂದರೆ ಅದನ್ನು ಅರ್ಜಿಗೆ ಹಚ್ಚಿ ಕಳಿಸಬಹುದು, ಆಗ ಯಂತ್ರದ ಬದಲು ಯಾರಾದರೂ ಅಧಿಕಾರಿ ನೋಡಿ ಮಂಜೂರು ಮಾಡುತ್ತಾರೆ. ಅರ್ಜಿ ಈಗಲೇ ತುಂಬಿಸಿಡೋಣ ಎಂದು ಕೀಲಿಗಳ ಮೇಲೆ ಬೆರಳಿಟ್ಟ. ಯಾವ ಕಣ್ಣು, ಎಷ್ಟು ವರ್ಷದಿಂದ, ಕಾರಣ ಏನು.

ಕಾರಣ ಕೇಳಿದಾಗ ಅಕ್ಕ ಒಂದು ಗಳಿಗೆಯೂ ತಡೆಯಲಿಲ್ಲ.

"ಜಾಲಿ ಮುಳ್ಳ ಬಡೀತಪಾ. ಸಣ್ಣಾಕಿದ್ದಾಗ. ಕಟಗಿ ತರಾಕ ಹೋಗಿದ್ದೆ."

ಅವಳು ಹನ್ನೆರಡು ವರ್ಷದವಳಿದ್ದಾಗ ನಮ್ಮ ಅಜ್ಜಿಗೆ ಹೇಳಿದ್ದೂ ಇದೇ ಮೂರು ಮಾತು. ಅಪ್ಪನಿಗೆ, ದವಾಖಾನೆಯವರಿಗೆ, ಆಮೇಲೆ ಗಂಡನ ಮನೆಯವರಿಗೆ ಹೇಳಿದ್ದೂ ಇದೇ. ಅಂಗಡಿಯವನು ಹಾಗೇ ಟೈಪ್ ಮಾಡಿದ. ನಾನು ಗೋಡೆಯ ಮೇಲಿನ ಲ್ಯಾಮಿನೇಶನ್ ದರಪಟ್ಟಿ ಓದುತ್ತ ನಿಂತೆ.

ಮನೆಗೆ ಬಂದು ಮೊಬೈಲ್ ತೆಗೆದರೆ ನಮ್ಮ ಹಳೆಯ ಸಹಪಾಠಿಗಳ ಗುಂಪಿನಲ್ಲಿ ಒಂದು ಚಿತ್ರ ಬಂದಿತ್ತು. ಈ ಗುಂಪಿನ ಕಾಟ ಬೇರೆ. ನಮ್ಮೂರು ಕರಜಗಿಯ ಸಾಲೆಯಲ್ಲಿ ಕೂಡಿ ಓದಿದವರು ನಾವು ಹದಿನೆಂಟು ಮಂದಿ, ಈಗ ಪುಣೆ, ಮುಂಬಯಿ, ಕಲಬುರಗಿ ಎಂದು ಚದುರಿದ್ದೇವೆ. ದಿನಾ ಬೆಳಗ್ಗೆ ಯಾರೋ ಒಬ್ಬರು ಬುಗುರಿಯ ಚಿತ್ರ ಹಾಕುತ್ತಾರೆ, ಗೋಲಿಯ ಚಿತ್ರ ಹಾಕುತ್ತಾರೆ, ಆ ಕಾಲ ಮತ್ತೆ ಬಾರದು ಎಂದು ಬರೆಯುತ್ತಾರೆ. ಉಳಿದವರು ಕಣ್ಣೀರಿನ ಗೊಂಬೆ ಒತ್ತುತ್ತಾರೆ. ಈಗಿನ ಮಕ್ಕಳಿಗೆ ಮೊಬೈಲ್ ಒಂದೇ ಗೊತ್ತು ಎಂದು ಮೊಬೈಲಿನಲ್ಲೇ ಒಂದು ತಾಸು ಮರುಗುತ್ತಾರೆ. ಅಂದು ಬಂದ ಚಿತ್ರ ಚಿಣಿಫಣಿಯದು. ಪಠ್ಯಪುಸ್ತಕದಲ್ಲಿ ಗಿಲ್ಲಿದಾಂಡು ಎಂದು ಬರೆಯುವ ಆಟ. ನಮ್ಮಲ್ಲಿ ಯಾರು ಚೆನ್ನಾಗಿ ಆಡುತ್ತಿದ್ದರು, ಹೇಳಿ ನೋಡೋಣ ಎಂದು ಪ್ರಶ್ನೆ ಬೇರೆ. ಒಬ್ಬ ನನ್ನ ಅಕ್ಕನ ಹೆಸರು ಬರೆದಿದ್ದ. ಹೌದೌದು ಎಂದು ನಾಲ್ಕು ಜನ ಕೂಡಿದ್ದರು. ನಾನು ಮೊಬೈಲನ್ನು ಬೋರಲು ಹಾಕಿಟ್ಟೆ.

ನಮ್ಮ ಬಾಲ್ಯದ ಆಟಿಕೆಗಳಿಗೆ ಅಂಗಡಿ ಇರಲಿಲ್ಲ. ಎಲ್ಲ ಹೊಲದಲ್ಲೇ ಇತ್ತು. ಜೋಳ ಕೊಯ್ದ ಮೇಲೆ ಉಳಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬಿಳಿ ಬೆಂಡು. ಬೆಂಡನ್ನು ತುಂಡು ಮಾಡಿ, ಸಿಪ್ಪೆಯ ಕಡ್ಡಿ ಚುಚ್ಚಿ ಜೋಡಿಸಿದರೆ ಬಂಡಿಯಾಗುತ್ತಿತ್ತು, ತಕ್ಕಡಿಯಾಗುತ್ತಿತ್ತು, ಮಾಸ್ತರರ ಚಾಳೀಸೂ ಆಗುತ್ತಿತ್ತು. ಆ ಕನ್ನಡಕ ಹಾಕಿಕೊಂಡು ಅಕ್ಕ ನಮ್ಮ ಮಾಸ್ತರರಂತೆಯೇ ಕೆಮ್ಮಿ ಮಗ್ಗಿ ಕೇಳುತ್ತಿದ್ದಳು. ಮಣ್ಣೆತ್ತಿನ ಅಮವಾಸ್ಯೆಗೆ ಹಳ್ಳದ ಮಣ್ಣು ತಂದು ಎತ್ತು ಮಾಡಿದರೆ ನನ್ನವು ಕುರಿಗಳಂತೆ ಕಾಣುತ್ತಿದ್ದವು, ಅವಳವಕ್ಕೆ ಹೆಗಲ ಉಬ್ಬೂ ಸರಿಯಾಗಿ ಬರುತ್ತಿತ್ತು. ಅವಳ ಕೈಗೂ ಕಣ್ಣಿಗೂ ಅಂಥ ಹೊಂದಿಕೆ ಇತ್ತು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚೂ ಇತ್ತು, ಅವಳನ್ನು ಬಿಟ್ಟು ಒಂದು ಗಳಿಗೆ ಇರಲೂ ಆಗುತ್ತಿರಲಿಲ್ಲ.

ಚಿಣಿಫಣಿಯಲ್ಲಿ ಅವಳನ್ನು ಮೀರಿಸುವ ಗಂಡುಮಕ್ಕಳು ಊರಲ್ಲಿ ಇರಲಿಲ್ಲ. ಚಿಣಿಯನ್ನೂ ಅವಳೇ ಮಾಡುತ್ತಿದ್ದಳು. ಜಾಲಿಯ ಗಟ್ಟಿ ಕಟ್ಟಿಗೆಯನ್ನು ಗೇಣಿಗಿಂತ ಸಣ್ಣದಾಗಿ ಕಡಿದು, ಕುಡಗೋಲಿನಿಂದ ಎರಡೂ ತುದಿ ಚೂಪು ಮಾಡುವುದು. ದಾಂಡಿನಿಂದ ಒಂದು ತುದಿಗೆ ತಟ್ಟಿದರೆ ಅದು ಎದೆಯೆತ್ತರಕ್ಕೆ ಜಿಗಿಯುತ್ತಿತ್ತು. ಜಿಗಿದ ಚಿಣಿಯನ್ನು ಗಾಳಿಯಲ್ಲೇ ಅವಳು ಬಾರಿಸಿದರೆ ಹೊಲದ ಬದು ದಾಟಿ ಹೋಗುತ್ತಿತ್ತು. ಎತ್ತು ಕಾಯುವ ದೊಡ್ಡ ಹುಡುಗರು ಕೂಡ ತಮ್ಮ ಕಡೆಗೆ ಬಾ ಎಂದು ಅವಳನ್ನು ಕರೆಯುತ್ತಿದ್ದರು. ಅವ್ವನಿಗೆ ಅದು ಸೇರುತ್ತಿರಲಿಲ್ಲ. ಇಷ್ಟುದ್ದ ಬೆಳೆದಿದ್ದೀ, ಗಂಡುಹುಡುಗರ ನಡುವೆ ಲಂಗ ಎತ್ತಿ ಕಟ್ಟಿ ಓಡುವುದು ಸಾಕು ಎಂದು ಆಗಾಗ ಗೊಣಗುತ್ತಿದ್ದಳು.

ನಾನು ಎಂಟು ವರ್ಷದವನು, ಚಿಣಿ ಹೊಡೆಯಲು ಬಾರದವನು. ಅಂದು ಮಧ್ಯಾಹ್ನ ಜೋಳ ಕೊಯ್ದ ನಮ್ಮ ಹೊಲದಲ್ಲಿ ಅಕ್ಕ ನನಗೆ ಕಲಿಸುತ್ತಿದ್ದಳು. ನಾವಿಬ್ಬರೇ. ಅವ್ವ, ಅಪ್ಪ ಆಚೆಯ ಹೊಲದಲ್ಲಿ ಜೋಳದ ಸೂಡು ಕಟ್ಟುತ್ತಿದ್ದರು. ನನ್ನ ದಾಂಡು ಬರೀ ಗಾಳಿ ಬೀಸುತ್ತಿತ್ತು. ಹೊಡೆದರೂ ಚಿಣಿ ಎರಡು ಮಾರು ದಾಟುವುದಿಲ್ಲವೆಂದು ಅಕ್ಕ ನನ್ನ ಎದುರಿಗೇ, ಹತ್ತಿರವೇ ನಿಂತು ಹೀಗಲ್ಲ ಹಾಗೆ ಎನ್ನುತ್ತಿದ್ದಳು. ಎಷ್ಟನೆಯ ಸಲವೋ ಗೊತ್ತಿಲ್ಲ, ಚಿಣಿ ಎದ್ದಿತು, ನಾನು ಬೀಸಿದೆ, ಹತ್ತಿತು. ನನ್ನ ಜೀವಮಾನದಲ್ಲಿ ಸರಿಯಾಗಿ ಬಿದ್ದ ಪೆಟ್ಟು ಅದೊಂದೇ. ಅದು ಕೈಗೆ ಕೂತ ಸುಖ, ಟಣ್ ಎಂದ ಆ ಸದ್ದು ಈಗಲೂ ನೆನಪಿದೆ. ಹತ್ತಿತು ಹತ್ತಿತು ಎಂದು ಕುಣಿದೆ. ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮಣ್ಣಿನ ಹೆಂಟೆಗಳ ಮೇಲೆ ಕೂತಿದ್ದನ್ನು ಆಮೇಲೆ ನೋಡಿದೆ.

ಅವಳು ಅಳಲಿಲ್ಲ. ಅಳುತ್ತಿದ್ದವನು ನಾನು. ಬಾಯಿ ಮುಚ್ಚು ಎಂದಳು. ಚಿಣಿ, ದಾಂಡು ಎರಡನ್ನೂ ಬೇಲಿಯ ಆಚೆ ಒಗೆದು ಬಾ ಎಂದಳು. ನಾನು ಒಗೆದು ಬರುವಷ್ಟರಲ್ಲಿ ಅವಳು ಜಾಲಿಯ ಒಂದು ಟೊಂಗೆ ಮುರಿದು, ಅದರ ಮುಳ್ಳಿನಿಂದ ತನ್ನ ಎಡಗೆನ್ನೆಯನ್ನು ತಾನೇ ಗೀರಿಕೊಳ್ಳುತ್ತಿದ್ದಳು. ರಕ್ತ ಬಂದ ಮೇಲೆ ನಿಲ್ಲಿಸಿದಳು.

"ಯಾರ ಕೇಳಿದರೂ ಮುಳ್ಳ ಅನ್ನು. ಚಿಣಿ ಅಂದಿ ಅಂದ್ರ ನೋಡು" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಅಪ್ಪನ ಕೈಯ ಬಾರುಕೋಲು ನನಗೆ ಗೊತ್ತಿತ್ತು. ನನ್ನನ್ನು ಉಳಿಸುತ್ತಿದ್ದಾಳೆ ಎಂದುಕೊಂಡೆ.

ಅಜ್ಜಿ ಕಣ್ಣು ಬಿಡಿಸಿ ಮುಳ್ಳು ಹುಡುಕಿದಳು. ಕಾಣಲಿಲ್ಲ. ಒಳಗೆ ಮುರಿದು ಉಳಿದಿದೆ, ಹೊರಗೆ ಎಳೆಯಬೇಕು ಎಂದು ಯಾವುದೋ ಸೊಪ್ಪಿನ ರಸ ಹಿಂಡಿದಳು. ಮುಳ್ಳಿಗೆ ಅದು ನಮ್ಮ ಕಡೆ ಮಾಡುತ್ತಿದ್ದ ಔಷಧ, ಕಾಲಿಗೆ ಚುಚ್ಚಿದರೂ ಅದೇ. ದಿನಕ್ಕೆ ಎರಡು ಸಲ, ಮೂರು ದಿನ ಹಿಂಡಿದಳು. ಮೇಲೆ ಅರಿವೆ ಕಟ್ಟಿದಳು. ನಾನು ಬಾಗಿಲ ಬದಿಗೆ ನಿಂತು ನೋಡುತ್ತಿದ್ದೆ. ಅಕ್ಕ ಹಲ್ಲು ಕಚ್ಚಿ ಮಲಗಿದ್ದಳು. ನಾಲ್ಕನೆಯ ದಿನ ಜ್ವರ ಬಂತು, ಮುಖ ಬಾತಿತು. ಅಪ್ಪ ಅವಳನ್ನು ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ, ಅಲ್ಲಿಂದ ಸೋಲಾಪುರಕ್ಕೆ ಕರೆದೊಯ್ದ. ಹನ್ನೆರಡು ದಿನದ ಮೇಲೆ ಅವಳು ಮರಳಿ ಬಂದಾಗ ಎಡಗಣ್ಣು ಹೋಗಿತ್ತು.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಒಂದು ಕಣ್ಣಿನ ಹುಡುಗಿಗೆ ಬಂದ ಸಂಬಂಧ ಒಂದೇ. ಹೆಂಡತಿ ಸತ್ತ, ಹದಿನಾರು ವರ್ಷ ದೊಡ್ಡವನಾದ ಗಿರಣಿ ಕೆಲಸಗಾರ. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಮಕ್ಕಳಾಗಲಿಲ್ಲ. ನಾನು ಮಾಸ್ತರನಾದೆ. ನನ್ನ ಸಾಲೆಯ ಅಂಗಳದಲ್ಲಿ ಚಿಣಿಫಣಿ ಆಡಲು ಯಾರಿಗೂ ಬಿಡಲಿಲ್ಲ. ಚಿಣಿ ಕಂಡರೆ ಕಸಿದು ಒಲೆಗೆ ಹಾಕಿಸುತ್ತಿದ್ದೆ. ಬಲು ಕಡಕ್ ಮಾಸ್ತರ ಎಂಬ ಹೆಸರು ಬಂತು. ಸೋಲಾಪುರದಲ್ಲಿ ಮನೆ ಮಾಡುವಾಗ ಅಕ್ಕನ ಓಣಿಯ ಹತ್ತಿರವೇ ಹುಡುಕಿದೆ. ಅವಳ ಬ್ಯಾಂಕು, ಅವಳ ರೇಶನ್ ಕಾರ್ಡು, ಅವಳ ದವಾಖಾನೆ ಎಲ್ಲಕ್ಕೂ ನಾನೇ ಓಡಿದೆ. ತಮ್ಮನೆಂದರೆ ಹೀಗಿರಬೇಕು ಎಂದು ಜನ ಅಂದಾಗ ನನಗೆ ನಾಚಿಕೆಯಾಗುತ್ತಿತ್ತು.

ಮೊಮ್ಮಗಳು ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು ಮೊಬೈಲಿನಲ್ಲಿ ಹಣ್ಣು ಕತ್ತರಿಸುವ ಆಟ ಆಡುತ್ತಾಳೆ. ಹೊರಗೆ ಹೋಗಿ ಆಡು ಎಂದು ಸೊಸೆ ಬಯ್ಯುತ್ತಾಳೆ, ನಿಮ್ಮ ಕಾಲದ ಆಟ ಏನಾದರೂ ಕಲಿಸಿರಿ ಮಾಮಾ ಎಂದು ನನಗೂ ಹೇಳುತ್ತಾಳೆ. ನಾನು ಹೂಂ ಎನ್ನುತ್ತೇನೆ, ಏಳುವುದಿಲ್ಲ. ಮೊಬೈಲ್ ಕಂಡರೆ ನನಗೆ ಬೇಸರ, ನಿಜ. ಆದರೆ ಆ ಹಣ್ಣುಗಳನ್ನು ಅವಳು ಎಷ್ಟು ಕತ್ತರಿಸಿದರೂ ಯಾರಿಗೂ ಗಾಯವಾಗುವುದಿಲ್ಲ ಎಂಬುದೂ ನನ್ನ ತಲೆಯಲ್ಲಿ ಬರುತ್ತದೆ. ಹಳೆಯ ಆಟ ಒಳ್ಳೆಯದಿರಲಿಲ್ಲ ಎನ್ನುವಂತೆಯೂ ಇಲ್ಲ. ಅಂಥ ಸುಖ ಮತ್ತೆ ಯಾವುದರಲ್ಲೂ ಸಿಗಲಿಲ್ಲ. ಅದನ್ನು ನೆನೆಯುವ ಹಕ್ಕು ನನಗಿಲ್ಲ ಅಷ್ಟೇ.

ಮುಂದಿನ ವಾರ ಕಣ್ಣಿನ ದವಾಖಾನೆಗೆ ಹೋದೆವು. ಡಾಕ್ಟರ್ ಹೆಣ್ಣುಮಗಳು, ನಲವತ್ತರ ಒಳಗಿನವಳು, ಕಲಬುರಗಿ ಕಡೆಯವಳಾದ್ದರಿಂದ ಕನ್ನಡದಲ್ಲೇ ಮಾತಾಡಿದಳು. ಅಕ್ಕನ ಗದ್ದವನ್ನು ಯಂತ್ರದ ಮೇಲಿರಿಸಿ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಬಲಗಣ್ಣು ಈ ವಯಸ್ಸಿಗೆ ಚೆನ್ನಾಗಿದೆ ಎಂದಳು. ಎಡದ್ದು ಬತ್ತಿ ಬಹಳ ವರ್ಷವಾಗಿದೆ, ಸರ್ಟಿಫಿಕೇಟಿಗೆ ಏನೂ ಅಡ್ಡಿಯಿಲ್ಲ, ಬರೆದುಕೊಡುತ್ತೇನೆ ಎಂದಳು. ಬರೆಯುತ್ತ ಬರೆಯುತ್ತ, ಹೇಗಾಯಿತು ಎಂದು ಕೇಳಿದಳು. ಅಕ್ಕ ಬಾಯಿ ತೆರೆದಳು. ಜಾಲಿ ಮುಳ್ಳ ಬಡೀತರಿ, ಸಣ್ಣಾಕಿದ್ದಾಗ.

ಮೂರನೆಯ ಮಾತು ಬರುವ ಮೊದಲು ನಾನು ನಡುವೆ ಬಿದ್ದೆ. ಯಾಕೆ ಅಂದೇ ಬಿದ್ದೆ ಎಂದು ನನಗೂ ತಿಳಿಯದು. ಇಡೀ ತಿಂಗಳು ಯಂತ್ರಗಳ ಮುಂದೆ ಅವಳನ್ನು ಕೂಡಿಸಿ ಏಳಿಸಿ ಸಾಕಾಗಿತ್ತು. ಆ ಸುಳ್ಳನ್ನು ಇನ್ನೊಂದು ಕಾಗದದ ಮೇಲೆ ಅವಳ ಬಾಯಿಂದ ಬರೆಸುವುದು ಆಗಲಿಲ್ಲ.

"ಮುಳ್ಳಲ್ಲರಿ. ಚಿಣಿ ಬಡದದ. ನಾನ ಹೊಡದಿದ್ದು."

ಅಕ್ಕ ಇಡೀ ಮುಖ ತಿರುಗಿಸಿ ಬಲಗಣ್ಣಿನಿಂದ ನನ್ನನ್ನು ನೋಡಿದಳು. ಡಾಕ್ಟರಿಗೆ ಇದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಮುಳ್ಳು ಎಂದು ಬರೆದದ್ದನ್ನು ಹೊಡೆದುಹಾಕಿ ಪೆಟ್ಟು ಎಂದು ಬರೆದಳು. ಆಗ ಏನು ಉಪಚಾರ ಮಾಡಿದಿರಿ ಎಂದು ಕೇಳಿದಳು. ಮುಳ್ಳೆಂದು ತಿಳಿದು ಅಜ್ಜಿ ಮೂರು ದಿನ ಸೊಪ್ಪಿನ ರಸ ಹಿಂಡಿದ್ದು, ನಾಲ್ಕನೆಯ ದಿನ ಸೋಲಾಪುರಕ್ಕೆ ತಂದದ್ದು, ಎಲ್ಲ ಹೇಳಿದೆ. ಅವಳು ಪೆನ್ನಿನ ಟೊಪ್ಪಿಗೆ ಹಾಕುತ್ತ ತಲೆ ಅಲ್ಲಾಡಿಸಿದಳು.

"ಅವತ್ತೇ ತಂದಿದ್ರ ಕಣ್ಣ ಉಳೀತಿತ್ತೋ ಏನೋ. ಪೆಟ್ಟಿಗಿಂತ ಆ ರಸಾನೇ ಹೆಚ್ಚ ಕೆಡಿಸಿರಬೇಕು. ಈಗ ಹೇಳಾಕ ಬರೂದಿಲ್ಲ ಬಿಡ್ರಿ" ಎಂದು ಸಹಿ ಮಾಡಿ ಮುದ್ರೆ ಒತ್ತಿದಳು.

ಅಲ್ಲಿಂದ ನೇರ ಆನ್‌ಲೈನ್ ಅಂಗಡಿಗೆ ಬಂದೆವು. ಸರ್ಟಿಫಿಕೇಟನ್ನು ಅಂಗಡಿಯವನಿಗೆ ಕೊಟ್ಟೆ. ಅವನು ಫೋಟೊ ತೆಗೆದು ಅರ್ಜಿಗೆ ಹಚ್ಚಿದ. ಕಾರಣದ ಜಾಗದಲ್ಲಿ ಮೊದಲು ತುಂಬಿದ್ದನ್ನು ತಿದ್ದಬೇಕಾಯಿತು. ತಿದ್ದಿದ ಮೇಲೆ ಪುಟ ಹಾರಿಹೋಗಿ ಮೊದಲಿಂದ ತುಂಬಿದ. ಕಳಿಸಿದ ಮೇಲೆ ಬಂದ ಉತ್ತರ ಒಂದೇ ಶಬ್ದ: ಪ್ರಲಂಬಿತ. ಬಾಕಿ ಇದೆ ಎಂದು. ಕಾಯಬೇಕು.

ಕಾದ ದಿನಗಳಲ್ಲಿ ನಾನು ಅಕ್ಕನ ಮನೆಯ ಕಡೆ ಕಾಲಿಡಲಿಲ್ಲ. ಅಲ್ಲಿಯವರೆಗೆ ನನ್ನ ತಪ್ಪು ಒಂದು ಪೆಟ್ಟಿನದಾಗಿತ್ತು. ಮಗು ಕೈ ತಪ್ಪಿ ಹೊಡೆದ ಪೆಟ್ಟು. ಅದನ್ನು ಹಾಗೆ ಹೇಳಿಕೊಂಡು ಇಷ್ಟು ವರ್ಷ ಹೇಗೋ ದಾಟಿದ್ದೆ. ಈಗ ಆ ಮೂರು ದಿನ ಎದುರಿಗೆ ಬಂದು ಕೂತವು. ಬಾಗಿಲ ಬದಿಗೆ ನಿಂತು ನೋಡುತ್ತಿದ್ದವನು, ಅಜ್ಜೀ ಅದು ಮುಳ್ಳಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾರುಕೋಲಿನ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿದ್ದೆ. ಅಕ್ಕ ನನ್ನನ್ನು ಉಳಿಸಿದಳು, ನಾನು ಅವಳ ಕಣ್ಣು ಉಳಿಸಲಿಲ್ಲ. ಊಟ ಸೇರಲಿಲ್ಲ. ಸೊಸೆ ಶುಗರ್ ಪರೀಕ್ಷಿಸಬೇಕೆಂದು ಬೆರಳಿಗೆ ಸೂಜಿ ಚುಚ್ಚುವ ಯಂತ್ರ ತಂದಳು. ಅದೂ ಎರಡು ಸಲ ಎರರ್ ಎಂದಿತು.

ಹತ್ತನೆಯ ದಿನ ಮೊಬೈಲ್ ಸದ್ದು ಮಾಡಿತು. ಅಕ್ಕನ ಹಯಾತಿ ಮಂಜೂರಾಗಿತ್ತು. ಯಾರೋ ಅಧಿಕಾರಿ, ಎಲ್ಲಿ ಕೂತವನೋ, ಡಾಕ್ಟರರ ಕಾಗದ ಓದಿ ಅವಳು ಬದುಕಿದ್ದಾಳೆಂದು ಒಪ್ಪಿಕೊಂಡಿದ್ದ. ಇನ್ನು ಹೋಗದೆ ಇರುವಂತಿರಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಹೋದೆ. ಅವಳು ಬಾಗಿಲ ಬೆಳಕಿಗೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಮೆಸೇಜು ಓದಿ ಹೇಳಿದೆ.

"ಅಂದ್ರ ಈ ವರ್ಷ ಜೀವಂತ ಇದ್ದೀನಿ" ಎಂದಳು. ಹರಳು ಆರಿಸುವ ಬೆರಳು ನಿಲ್ಲಲಿಲ್ಲ.

ನಾನು ಎದುರಿಗೆ ಕೂತೆ. ಡಾಕ್ಟರರ ಮುಂದೆ ಬಾಯಿಬಿಟ್ಟದ್ದಕ್ಕೆ ಸಿಟ್ಟೇ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಆಗ ನನಗೆ ತಡೆಯಲಾಗಲಿಲ್ಲ. ಆ ಮೂರು ದಿನದೊಳಗೆ ನಾನು ಅಜ್ಜಿಗೆ ಹೇಳಬೇಕಿತ್ತು, ನನಗೆ ಪೆಟ್ಟು ಬೀಳಬಾರದೆಂದು ನೀನು ಕಣ್ಣು ಕಳೆದುಕೊಂಡೆ ಎಂದೆ. ಅರವತ್ತನಾಲ್ಕು ವರ್ಷದ ಮಾಸ್ತರನಾದ ನಾನು ಅವಳ ಮುಂದೆ ಎಂಟು ವರ್ಷದವನಂತೆ ಅತ್ತೆ.

ಅಕ್ಕ ಮೊರ ಕೆಳಗಿಟ್ಟಳು. ಇವನಿಗೇನಾಗಿದೆ ಎಂಬಂತೆ ನನ್ನನ್ನು ನೋಡಿದಳು.

"ನಿನಗ ಬಡೀತಾರಂತ ನಾ ಸುಳ್ಳ ಹೇಳೀನಂತ ಯಾರ ಹೇಳಿದರು? ನಿನಗ ದಿನಾ ಬೀಳ್ತಿದ್ದವು. ಇನ್ನೆರಡ ಬಿದ್ರ ಏನಾಗತಿತ್ತು?"

ನಾನು ತೋಳಿನಿಂದ ಕಣ್ಣೊರೆಸಿಕೊಂಡೆ.

"ಚಿಣಿ ಅಂದಿದ್ರ ನನ್ನ ಆಟ ಬಂದ್ ಮಾಡ್ತಿದ್ದರು. ಅವ್ವ ಮೊದಲ ಅದಕ್ಕೊಂದ ನೆವಾ ಹುಡಕಾಕತ್ತಿದ್ಳು. ಮುಳ್ಳ ಅಂದ್ರ ಕಣ್ಣ ಮಾಯ್ದ ಮ್ಯಾಲ ಮತ್ತ ಆಡಬೌದಂತ ಮಾಡಿದ್ದೆ."

ಆಮೇಲೆ, ಮತ್ತೆ ಆಡಿದೆಯಾ ಎಂದು ಕೇಳಿದೆ. ಅವಳು ಆಡಿದ್ದನ್ನು ನಾನು ನೋಡಿದ ನೆನಪಿರಲಿಲ್ಲ. ಕಣ್ಣು ಹೋಯಿತೆಂದು ತಾನೇ ಬಿಟ್ಟಳೆಂದು ನಾನು ತಿಳಿದಿದ್ದೆ.

ಅವಳು ಮೊರವನ್ನು ಮತ್ತೆ ತೊಡೆಯ ಮೇಲೆ ತೆಗೆದುಕೊಂಡಳು. ನನ್ನನ್ನು ನೋಡದೆ, ಜೋಳ ನೋಡುತ್ತ ಹೇಳಿದಳು.

"ಎಲ್ಲಾರೂ ಹೊಲಕ್ಕ ಹೋದ ಮ್ಯಾಲ ಚಿಣಿ ತಗೊಂಡ ಒಬ್ಬಾಕಿನ ಹಳ್ಳದ ಕಡಿ ಹೋಗ್ತಿದ್ದೆ. ಚಿಣಿ ಏಳತಿತ್ತು. ಒಂದ ಕಣ್ಣಿಗಿ ಅದು ಹತ್ರ ಅದನೋ ದೂರ ಅದನೋ ತಿಳೀತಿದ್ದಿಲ್ಲ. ಬೀಸೂದ್ರಾಗ ಬಿದ್ದಿರತಿತ್ತು. ಒಂದ ತಿಂಗಳ ಬೀಸಿದೆ, ತಮ್ಮಾ. ಒಂದೂ ಹತ್ತಲಿಲ್ಲ."

ಐವತ್ತಾರು ವರ್ಷ ನಾನು ಅವಳ ಕಣ್ಣನ್ನೇ ನೆನೆದಿದ್ದೆ. ಅವಳಿಗೆ ನೆನಪಿದ್ದದ್ದು ಹತ್ತದೆ ಹೋದ ಚಿಣಿ. ನಾನು ಏನೋ ಹೇಳಬೇಕೆಂದು ಮುಂದೆ ಬಾಗಿದೆ. ಬೆಳಕಿಗೆ ಅಡ್ಡ ಬರಬೇಡ, ಹರಳು ಕಾಣುತ್ತಿಲ್ಲ ಎಂದಳು. ನಾನು ಸರಿದು ಕೂತೆ.